ಮುಂದಿನ ಆದೇಶದವರೆಗೆ

ನಾನು ಎಷ್ಟು ಎಚ್ಚರ ವಹಿಸುತ್ತೇನೋ ಅಷ್ಟೇ ನಗೆಪಾಟಲಾಗುತ್ತೇನೆ. ಅದು ನನ್ನ ಹಣೆಬರಹ. ಕಡೂರಿನಲ್ಲಿ ಹದಿನೆಂಟು ವರ್ಷ ರೈತರ ಪರ ನಿಂತು ಸರ್ಕಾರದ ಮೇಲೆ ಕೇಸು ಹಾಕುತ್ತಿದ್ದ ನನ್ನನ್ನು ಅದೇ ಸರ್ಕಾರ ಕಾನೂನು ಸಲಹೆಗಾರ್ತಿಯಾಗಿ, ಕೋರ್ಟಿನಲ್ಲಿ ತನ್ನ ಪರ ವಾದಿಸಲು ನೇಮಿಸಿತು. ಆದೇಶದ ಕೊನೆಯಲ್ಲಿ ‘ಮುಂದಿನ ಆದೇಶದವರೆಗೆ’ ಎಂದಿತ್ತು. ಅಂದರೆ ಯಾವ ಗಳಿಗೆಯಲ್ಲಾದರೂ ತೆಗೆದುಹಾಕಬಹುದು. ಅಂದಿನಿಂದ ಪೋಸ್ಟ್‌ಮ್ಯಾನ್ ಗೇಟು ತೆಗೆದರೆ ಸಾಕು, ನನ್ನ ಎದೆ ಢವಢವ.

ಬೋರ್ಡು

ಮೊದಲು ಮನೆ ಮುಂದೆ ಬೋರ್ಡು ಹಾಕಿಸೋಣವೆಂದು ಪೇಂಟರ್ ಹತ್ತಿರ ಹೋದೆ. ಬರೆಯಬೇಕಾದ್ದನ್ನು ಓದಿದವನೇ ಕುಂಚ ಕೆಳಗಿಟ್ಟ.

“ಎಷ್ಟು ದಿನಕ್ಕೆ ಮೇಡಂ?”

“ಯಾಕಪ್ಪಾ?”

“ನಿಮ್ಗಿಂತ ಮುಂಚೆ ಇದ್ರಲ್ಲ, ಅವ್ರ ಬೋರ್ಡೂ ನಾನೇ ಬರ್ದಿದ್ದು. ಪೇಂಟ್ ಒಣಗೋಕ್ ಮುಂಚೆ ಅಳಿಸ್ಬೇಕಾಯ್ತು. ನಿಮ್ಗೆ ಸ್ಟಿಕ್ಕರ್ ಸಾಕು ಬಿಡಿ.”

ಊರು ಬಂತು

ಹಳ್ಳಿಯೊಂದರ ದಾರಿ ತಕರಾರಿಗೆ ಮರುದಿನವೇ ಕೋರ್ಟಿಗೆ ಉತ್ತರ ಸಲ್ಲಿಸಬೇಕಿತ್ತು. ಫೈಲು ಕೇಳಿಕೊಂಡು ತರೀಕೆರೆ ತಾಲ್ಲೂಕು ಕಚೇರಿಗೆ ಹೋದೆ.

“ಆ ಊರು ಹೊಸ ಅಜ್ಜಂಪುರ ತಾಲ್ಲೂಕಿಗೆ ಹೋಯ್ತಲ್ಲ ಮೇಡಂ, ಫೈಲೂ ಹೋಗಿದೆ” ಎಂದರು.

ಮಧ್ಯಾಹ್ನದ ಬಸ್ಸಿನಲ್ಲಿ ನಿಂತುಕೊಂಡೇ ಅಜ್ಜಂಪುರಕ್ಕೆ ಓಡಿದೆ. ಅಲ್ಲಿನ ಗುಮಾಸ್ತರು ಮೂರು ಬೀರು ತಡಕಾಡಿ, “ಊರು ಬಂದಿದೆ, ಫೈಲ್ ಬಂದಿಲ್ಲ” ಎಂದರು.

ನನಗೆ ಅಳುವೇ ಬಂತು. “ನಾಳೆ ಜಡ್ಜ್ ಮುಂದೆ ಏನ್ ಹೇಳ್ಲಿ? ನನ್ ಕೆಲ್ಸಾನೇ ಹೋಗುತ್ತೆ ಕಣ್ರೀ!”

ಅವರಿಗೆ ಪಾಪ ಅನ್ನಿಸಿರಬೇಕು. “ಬೇಕಾದ್ರೆ ಊರನ್ನೇ ವಾಪಸ್ ತಗೊಂಡ್ಹೋಗಿ ಮೇಡಂ” ಎಂದರು.

ಯಾರ ಪರ?

ಇದು ಮಾತ್ರ ನೆನೆಸಿಕೊಂಡರೆ ಈಗಲೂ ಬೆವರುತ್ತೇನೆ. ಸಖರಾಯಪಟ್ಟಣದ ಅಜ್ಜನೊಬ್ಬ ತೆಂಗಿನಕಾಯಿ ರಾಶಿ ಹಾಕಲು ಶೆಡ್ಡು ಕಟ್ಟಿಕೊಂಡಿದ್ದ. ಜಾಗ ಸರ್ಕಾರದ್ದು, ಶೆಡ್ಡು ತೆಗೆ ಎಂದು ತಹಶೀಲ್ದಾರ್ ನೋಟಿಸು ಕೊಟ್ಟಿದ್ದರು. ಅದರ ವಿರುದ್ಧ ಅಜ್ಜ ಕಡೂರು ಕೋರ್ಟಿಗೆ ಬಂದಿದ್ದ. ನೋಟಿಸನ್ನು ಸಮರ್ಥಿಸುವುದು ನನ್ನ ಕೆಲಸ. ತಹಶೀಲ್ದಾರರೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಅಜ್ಜನ ವಕೀಲರಿಗಿಂತ ಮೊದಲೇ ಎದ್ದೆ. ನೋಟಿಸು ಕೈಗೆ ಬಂದದ್ದೇ ತಡ, ಹದಿನೆಂಟು ವರ್ಷದ ಚಾಳಿ ಬಾಯಿಗೆ ಬಂತು. “ಸ್ವಾಮಿ, ಇದು ದಬ್ಬಾಳಿಕೆ! ಜಾಗ ಅಳತೆ ಮಾಡಿಲ್ಲ, ಈ ಬಡವನ ಮಾತು ಕೇಳಿಲ್ಲ!” ಹಿಂದಿನಿಂದ ತಹಶೀಲ್ದಾರರು ಕೆಮ್ಮಿದರು. ಮೆಚ್ಚಿಕೊಂಡರೆಂದು ತಿಳಿದು ದನಿ ಇನ್ನೂ ಏರಿಸಿದೆ.

ನಾನು ಕೂತ ಮೇಲೆ ಅಜ್ಜನ ವಕೀಲರು ಎದ್ದು, “ನನಗೆ ಹೇಳೋಕೆ ಏನೂ ಉಳಿದಿಲ್ಲ ಸ್ವಾಮಿ” ಎಂದರು.

ಜಡ್ಜ್ ಕನ್ನಡಕ ತೆಗೆದು ನನ್ನನ್ನು ನೋಡಿದರು. “ನೀವು ಯಾರ ಪರ?”

“ಸರ್ಕಾರದ ಪರ ಸ್ವಾಮಿ” ಎಂದೆ. ಕೋರ್ಟೆಲ್ಲ ಗೊಳ್ಳೆಂದು ನಕ್ಕಿತು. ಹೇಗೋ ಒಂದು ವಾರದ ವಾಯಿದೆ ಬೇಡಿಕೊಂಡು ಹೊರಗೆ ಬಂದೆ.

ವರಾಂಡದಲ್ಲಿ ತಹಶೀಲ್ದಾರರು ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದರು. ಕೆಲಸ ಹೋಯಿತೆಂದೇ ತಿಳಿದೆ. ಅವರು ಬಾಯಿ ತೆರೆಯುವಷ್ಟರಲ್ಲಿ ಅಜ್ಜ ನಡುವೆ ಬಂದು ಅವರಿಗೆ ಕೈಮುಗಿದ.

“ಸಾಹೇಬ್ರೇ, ಯಾರ್ನ ಬೇಕಾದ್ರೂ ತೆಗೀರಿ, ಈ ಲಾಯರಮ್ಮನ್ನ ಮಾತ್ರ ತೆಗೀಬ್ಯಾಡಿ!”