ಬೀಗದಣ್ಣನ ಪಾಸ್ತಾ ಪ್ರತಾಪ

ಬೀಗ ರಿಪೇರಿಯ ಬೀಗದಣ್ಣ ಎಂಥ ಬೀಗವನ್ನಾದರೂ ತೆಗೆಯಬಲ್ಲ. ತನ್ನ ಬಾಯಿಗೆ ಬೀಗ ಹಾಕುವುದೊಂದೇ ಅವನಿಗೆ ಬರದು. ಹೆಂಡತಿಗೆ ಆಫೀಸಿನಲ್ಲಿ ಬಡ್ತಿ ಸಿಕ್ಕಿತ್ತು. ಅಭಿನಂದಿಸಲು ಅವಳ ಮೇಲಧಿಕಾರಿ ಅಂದು ಸಂಜೆ ಮನೆಗೇ ಬರುವವರಿದ್ದರು.

"ಹೋಟೆಲಿಂದ ಏನಾದ್ರೂ ತರಿಸ್ಬಿಡೋಣ ರೀ," ಎಂದಳು ಹೆಂಡತಿ, ಬೆಳಿಗ್ಗೆ ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟುತ್ತ.

"ನಾನಿರೋವಾಗ ಹೋಟೆಲ್ಲಾ? ಓವನ್ನಲ್ಲಿ ಪಾಸ್ತಾ ಬೇಯಿಸ್ತೀನಿ. ನಿಮ್ಮ ಮೇಡಂ ಬೆರಳು ಚೀಪ್ಬೇಕು, ಹಾಗಿರುತ್ತೆ!"

"ಹಾಲು ಕಾಯಿಸೋಕೆ ಹೋಗಿ ಪಾತ್ರೆ ತೂತು ಮಾಡ್ದೋರು ನೀವು."

"ಅದು ಪಾತ್ರೆ ತಪ್ಪು!"

ಮಧ್ಯಾಹ್ನ ಅಂಗಡಿ ಮುಚ್ಚಿ ಬಂದವನೇ ಸೊಂಟಕ್ಕೆ ಟವೆಲ್ ಬಿಗಿದ. ಪಾಸ್ತಾ ಬೆಂದಿತು. ಟೊಮೇಟೊ, ಕ್ಯಾಪ್ಸಿಕಂ, ಬೆಳ್ಳುಳ್ಳಿ ಬಾಣಲೆಯಲ್ಲಿ ಕುಣಿದವು. ಹಾಲು, ಮೈದಾ, ಬೆಣ್ಣೆ ಸೇರಿ ಗಂಟಿಲ್ಲದ ಬಿಳಿ ಸಾಸ್ ಆದಾಗ ಅವನಿಗೇ ನಂಬಿಕೆ ಬರಲಿಲ್ಲ. ಎಲ್ಲವನ್ನೂ ಟ್ರೇಗೆ ಸುರಿದು, ಮೇಲೆ ಕೈತುಂಬ ಚೀಸ್ ಉದುರಿಸಿ, ಓವನ್ ಬಿಸಿಗಿಟ್ಟು ಟ್ರೇ ಎತ್ತಿಕೊಂಡ. ಅಷ್ಟರಲ್ಲಿ ಫೋನು. ಯಾರದೋ ಬೀರುವಿನ ಕೀಲಿ ಮುರಿದಿತ್ತು. ಬೇಗ ಬೇಗ ಏನೇನು ಮಾಡಬೇಕೆಂದು ಹೇಳಿ ಮುಗಿಸಿ ತಿರುಗಿದರೆ ಓವನ್ನಿನ ಕೆಂಪು ದೀಪ ಉರಿಯುತ್ತಿತ್ತು. 'ಸರಿ, ಬೇಯ್ತಾ ಇದೆ' ಎಂದುಕೊಂಡು ಸ್ನಾನಕ್ಕೆ ಹೋದ.

ಸ್ನಾನ ಮುಗಿಸಿ ಬಂದು ಹಿಡಿ ಎಳೆದ. ಬಾಗಿಲು ಬರಲಿಲ್ಲ. ಜಗ್ಗಿದ. ಹಟಮಾರಿ ಕೋಣದ ಹಾಗೆ ನಿಂತಿತ್ತು. ಗಾಜು ಹಳೆಯ ಜಿಡ್ಡಿಗೆ ಕಪ್ಪಾಗಿ ಒಳಗೇನೂ ಕಾಣುತ್ತಿರಲಿಲ್ಲ.

"ಅಯ್ಯೋ, ನನ್ನ ಪಾಸ್ತಾ!"

ಆ ಕೂಗಿಗೆ ಮಹಡಿ ಮೇಲಿನ ಆಂಟಿ ಇಳಿದು ಬಂದರು. ಹಿಂದೆಯೇ ಎದುರುಮನೆಯ ರೈಲು ತಾತ. ಆಯುಷ್ಯವಿಡೀ ರೈಲು ಓಡಿಸಿದ ಅವರು ಎಲ್ಲದಕ್ಕೂ ಬ್ರೇಕ್ ಹಾಕುವವರು.

"ಸ್ವಿಚ್ ಆಫ್ ಮಾಡಿ ಮೊದಲು!" ಎಂದರು ತಾತ.

"ಬೇಡ, ಚೀಸ್ ಕೆಂಪಾಗೋ ಹೊತ್ತು," ಆಂಟಿ ಮೂಗರಳಿಸಿದರು. "ಆಹಾ, ಘಮಘಮ ಅಂತಿದೆ!"

"ಹೌದ್ಹೌದು, ಬೆಳ್ಳುಳ್ಳಿ ವಾಸನೆ ಬೇರೆ," ತಾತನೂ ಉಸಿರೆಳೆದರು.

ಬೀಗದಣ್ಣನ ಎದೆ ಉಬ್ಬಿತು. ಸಲಕರಣೆ ಪೆಟ್ಟಿಗೆ ಬಂತು. ತಂತಿ ತೂರಿಸಿದ, ಸ್ಕ್ರೂ ಬಿಚ್ಚಿದ, ಬೆರಳು ಸುಟ್ಟುಕೊಂಡು ಕುಣಿದ. "ಎಡಕ್ಕೆ!" ಎಂದರು ತಾತ. "ಬಲಕ್ಕೆ!" ಎಂದರು ಆಂಟಿ. ಕೊನೆಗೆ ಸುತ್ತಿಗೆಯ ಒಂದೇ ಏಟು. ಬಾಗಿಲು ಕೀಲು ಸಮೇತ ಕಿತ್ತು ದಢಾರನೆ ನೆಲಕ್ಕೆ ಬಿತ್ತು.

"ಗೆದ್ದೆ!"

ಮೂವರೂ ಬಗ್ಗಿ ನೋಡಿದರು. ಒಳಗೆ ಏನೂ ಇರಲಿಲ್ಲ.

"ಆವಿಯಾಗಿ ಹೋಯ್ತಾ?" ತಾತ ಪಿಸುಗುಟ್ಟಿದರು.

ಆಂಟಿ ತಣ್ಣೀರಿಗೆಂದು ಫ್ರಿಜ್ ತೆರೆದರು. "ಇಲ್ನೋಡಿ ಬೀಗದಣ್ಣ, ನಿಮ್ಮ ಪಾಸ್ತಾ ಇಲ್ಲಿ ಹಾಯಾಗಿ ಮಲಗಿದೆ!"

ಫೋನು ಬಂದ ಗಡಿಬಿಡಿಯಲ್ಲಿ ಅವನು ಕೈಗೆ ಸಿಕ್ಕಿದ ಬಾಗಿಲು ತೆಗೆದು ಟ್ರೇ ಒಳಗಿಟ್ಟಿದ್ದ. ಈಗ ಟ್ರೇ ಇತ್ತು, ಓವನ್ ಇರಲಿಲ್ಲ. ಹೊರಗೆ ಹೆಂಡತಿ, ಮೇಡಂ ಬಂದ ಕಾರು ನಿಂತ ಸದ್ದಾಯಿತು.

"ಕೊಡಿ ಇಲ್ಲಿ!" ಆಂಟಿ ಟ್ರೇ ಕಿತ್ತುಕೊಂಡು ಹಿಂಬಾಗಿಲಿನಿಂದ ಮಹಡಿಗೆ ಓಡಿದರು. "ನನ್ನ ಓವನ್ ಇದೆ. ಅಲ್ಲೀತನಕ ಅವರನ್ನ ಮಾತಲ್ಲಿ ಹಿಡಿದಿಡಿ!"

ಬೀಗದಣ್ಣ ಹಿಡಿದಿಟ್ಟ. ಹವೆ ಮುಗಿದು, ಟ್ರಾಫಿಕ್ ಮುಗಿದು, ಬೀಗಗಳ ಬಗೆಗಳಿಗೆ ಬರುವಷ್ಟರಲ್ಲಿ ಮೇಡಂ ಎರಡು ಸಲ ಆಕಳಿಸಿದ್ದರು. ಆಗ ಆಂಟಿ ಒಳಗೆ ಬಂದರು, ಕೈಯಲ್ಲಿ ಹಬೆಯಾಡುವ ಟ್ರೇ. ಹೊಂಬಣ್ಣದ ಚೀಸ್ ಗುಳುಗುಳು ಎನ್ನುತ್ತಿತ್ತು. ಮೇಡಂ ಎದ್ದೇ ನಿಂತರು.

"ಅಬ್ಬಾ! ನೀವು ಮಾಡಿದ್ದಾ?"

"ನಮ್ಮನೆ ಓವನ್ನಿಂದ ಈಗ ತಾನೆ ತೆಗ್ದೆ," ಎಂದರು ಆಂಟಿ ನಾಚಿ.

ಮೇಡಂ ಮೊದಲ ಚಮಚಕ್ಕೇ ಕಣ್ಣು ಮುಚ್ಚಿದರು. "ಎಂಥ ಕೈರುಚಿ ನಿಮ್ದು! ನಂಗೂ ಕಲಿಸ್ಲೇಬೇಕು."

"ಅದು... ಅಸಲಿಗೆ..." ಬೀಗದಣ್ಣ ಬಾಯಿ ತೆರೆದ. ತಾತ ಅವನ ತಟ್ಟೆಗೆ ಬಡಿಸಿ, "ತಿನ್ನಯ್ಯ, ಆರಿಹೋಗುತ್ತೆ," ಎಂದರು. ಆಂಟಿ ಆಗಲೇ ಬಿಳಿ ಸಾಸ್ ಮಾಡುವ ಬಗೆ ವಿವರಿಸುತ್ತಿದ್ದರು.

ಮೇಡಂ ಇನ್ನೊಂದು ಚಮಚ ತಿಂದು ತುಸು ತಡೆದರು. "ಎಲ್ಲಾ ಸೊಗಸಾಗಿದೆ. ಉಪ್ಪೊಂದು ಸ್ವಲ್ಪ ಮುಂದಾಯ್ತೇನೋ."

ಆಂಟಿ ಬೀಗದಣ್ಣನ ಕಡೆ ಬೆರಳು ತೋರಿಸಿದರು.

"ಉಪ್ಪು ಮಾತ್ರ ಇವರು ಹಾಕಿದ್ದು."