ಅಣ್ಣಮ್ಮನ ಆಲೆಮನೆಯ ಫ್ಯಾನು

ಬಸ್ಸಿನಲ್ಲಿ ಇದ್ದಷ್ಟು ದಿನ ಆ ಎಂಜಿನ್ನಿನ ಫ್ಯಾನಿನ ಬಗ್ಗೆ ಯಾರೂ ಒಂದು ಮಾತಾಡಿರಲಿಲ್ಲ. ಎಂಜಿನ್ನು ಬಸ್ಸಿನಿಂದ ಇಳಿದು ಸಿಂಧಘಟ್ಟದ ಅಣ್ಣಮ್ಮನ ಆಲೆಮನೆಯಲ್ಲಿ ಕೂತದ್ದೇ ತಡ, ಊರಿನಲ್ಲಿ ಬಾಯಿ ಇದ್ದವರೆಲ್ಲ ಫ್ಯಾನಿನ ಪಂಡಿತರಾದರು.

ಎಂಜಿನ್ನು ತಂದವನು ತಿಮ್ಮರಾಜು, ಅಣ್ಣಮ್ಮನ ತಮ್ಮನ ಮಗ. ಎಂಟನೇ ಕ್ಲಾಸಿನ ನಡುವೆಯೇ ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ಬಂದವನು, ಆಮೇಲೆ ಆ ಕಡೆ ತಿರುಗಿ ನೋಡಿರಲಿಲ್ಲ. ಹತ್ತು ವರ್ಷದಿಂದ ಪಾಂಡವಪುರದ ಒಂದು ಗ್ಯಾರೇಜಿನಲ್ಲಿ ಕಂಡವರ ಬಸ್ಸಿನ ಕೆಳಗೆ ಅಂಗಾತ ಮಲಗಿದ್ದವನಿಗೆ ಈಗ ಎದ್ದು ನಿಂತು ಮಾಡುವ ಕೆಲಸ ಬೇಕಾಗಿತ್ತು. ಅತ್ತೆಯ ಆಲೆಮನೆ ಕಣ್ಣಿಗೆ ಬಿದ್ದಿತ್ತು.

ಅಲ್ಲಿ ಕಬ್ಬು ಅರೆಯುವ ಗಾಣ ತಿರುಗುತ್ತಿದ್ದುದು ಕರೆಂಟಿನ ಮೋಟರಿನಿಂದ. ತ್ರೀ ಫೇಸ್ ಕರೆಂಟೋ, ದೊಡ್ಡಮನೆಯ ಅಳಿಯನ ಹಾಗೆ. ಬಂದರೆ ಬಂತು, ಹೋದರೆ ಹೋಯಿತು, ಯಾಕೆ ಅಂತ ಕೇಳುವಂತಿಲ್ಲ. ಅದು ಹೋದ ಕೂಡಲೇ ಗಾಣ ನಿಲ್ಲುವುದು, ಕಬ್ಬಿನ ಹಾಲು ಹುಳಿಯಾಗುವುದು, ಅಣ್ಣಮ್ಮ ಲೈನ್‌ಮನ್ನನ ವಂಶಾವಳಿಯನ್ನು ಬಾಯಿಪಾಠ ಒಪ್ಪಿಸುವುದು. ಅದಕ್ಕೇ ತಿಮ್ಮರಾಜು ಗುಜರಿಗೆ ಬಿದ್ದಿದ್ದ ಬಸ್ಸಿನ ಎಂಜಿನ್ನು ತಂದು, ಗಾಣಕ್ಕೆ ಹೊಂದುವಂತೆ ಮಾಡಿದ್ದ.

ಅಣ್ಣಮ್ಮ ಎಂಜಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಹೇಳಿದ್ದಳು: "ನೋಡ್ಲಾ ತಿಮ್ಮ, ಭಾನುವಾರ ಎಲ್ಡು ಲೋಡು ಕಬ್ಬು ಕಡ್ಸಿರ್ತೀನಿ. ಕರೆಂಟ ನಂಬ್ಕಳ್ದೆ ಹೊತ್ತು ಮುಳುಗೋದ್ರೊಳಗೆ ಯಾರು ಅದ ಅರೆದು ಕೊಡ್ತಾರೋ ಈ ವರ್ಷ ಆಲೆಮನೆ ಅವರ್ದು. ನೆಂಟ್ರು ಗಿಂಟ್ರು ಅಂತ ನಾನು ನೋಡಾಕಿಲ್ಲ."

"ನೋಡ್ಬ್ಯಾಡ ಬುಡತ್ತೆ. ಎಂಜಿನ್ನ ನೋಡು ಸಾಕು."

ತೊಡಕಿದ್ದುದು ಒಂದೇ. ಆಲೆಮನೆಯೊಳಗೆ ಒಲೆಯ ಬೂದಿ, ಹಿಂಡಿ ಉಳಿದ ಕಬ್ಬಿನ ರಚ್ಚಿನ ಧೂಳು. ಅದೆಲ್ಲ ರೇಡಿಯೇಟರಿನ ಕಣ್ಣಿಗೆ ಮೆತ್ತಿಕೊಂಡರೆ ಎಂಜಿನ್ನು ಕುದಿಯುತ್ತದೆ ಅಂತ ತಿಮ್ಮರಾಜು ರೇಡಿಯೇಟರನ್ನು ಗೋಡೆಯಾಚೆ ಬೇವಿನ ಮರದ ನೆರಳಿಗೆ ಕೂರಿಸಿ, ಉದ್ದ ಪೈಪು ಎಳೆದಿದ್ದ. ರೇಡಿಯೇಟರು ಗೋಡೆಯ ಆಚೆ, ಎಂಜಿನ್ನು ಈಚೆ. ನಡುವೆ ರೇಡಿಯೇಟರಿಗೆ ಗಾಳಿ ಹಾಕುವ ಫ್ಯಾನನ್ನು ತಿರುಗಿಸುವವರು ಯಾರು?

ಮೊದಲು ಬಾಯಿ ಹಾಕಿದವನು ಪಕ್ಕದ ಮನೆಯ ಚಿಕ್ಕಸ್ವಾಮಿ. ಹನ್ನೆರಡು ವರ್ಷ ಅದೇ ಎಂಜಿನ್ನಿನ ಬಸ್ಸನ್ನು ಕೆ.ಆರ್.ಪೇಟೆಯಿಂದ ಶ್ರೀರಂಗಪಟ್ಟಣಕ್ಕೆ ಓಡಿಸಿದ್ದ ಡ್ರೈವರು. ಎಂಜಿನ್ನಿನ ಮೈ ಸವರಿ, ತವರಿಗೆ ಬಂದ ಮಗಳನ್ನು ನೋಡುವ ಹಾಗೆ ನೋಡಿ, "ಟ್ರಾಕ್ಟರ್ ಶಾಫ್ಟು ಇಕ್ಲಾ," ಅಂದ. "ಗೋಡೆಗೊಂದು ತೂತು ಒಡ್ದು, ಜಾಯಿಂಟು ಕೊಟ್ಟು ಆಚೀಕ್ ತಗೊಂಡೋಗು. ಮೇಲುಕೋಟೆ ಏರಲ್ಲೇ ಕಾವು ಏರದ ಎಂಜಿನ್ನು ಇದು."

"ಶಾಫ್ಟು ಅದುರಿ ಗೋಡೆ ಬಿದ್ರೆ ನೀನು ಕಟ್ಸಿಕೊಡ್ತೀಯಾ ಚಿಕ್ಕಣ್ಣ?" ಅಂದ ತಿಮ್ಮರಾಜು.

ಎರಡನೆಯವರು ಶ್ರೀಕಂಠಯ್ಯ ಮೇಷ್ಟ್ರು. ಹೈಸ್ಕೂಲಿನಿಂದ ರಿಟೈರಾಗಿ ಹೊಸಹೊಳಲಿನಲ್ಲಿದ್ದವರು, ವಾರಕ್ಕೊಂದು ದಿನ ಒಂದು ಚೊಂಬು ಕಬ್ಬಿನ ಹಾಲಿಗಾಗಿ ಸ್ಕೂಟರಿನಲ್ಲಿ ಬರುವವರು. ತಿಮ್ಮರಾಜುವಿಗೆ ವಿಜ್ಞಾನ ಹೇಳಿಕೊಟ್ಟವರು ಅವರೇ. 'ನಿನ್ನ ತಲೆಗೆ ಎಮ್ಮೆ ಕಾಯೋದೇ ಸರಿ' ಅಂತ ಇಡೀ ಕ್ಲಾಸಿನ ಮುಂದೆ ಹೇಳಿದವರೂ ಅವರೇ. ಅವನು ಚೀಲ ಹಾಕಿಕೊಂಡು ಎದ್ದದ್ದು ಆ ಹೊತ್ತಿನಲ್ಲೇ.

"ರೇಡಿಯೇಟರ್‌ನ ವಾಪಸ್ ಎಂಜಿನ್ ಮುಂದಕ್ಕೆ ತಂದುಬಿಡಪ್ಪ," ಅಂದರು ಮೇಷ್ಟ್ರು. "ಧೂಳಿಗೆ ಒಂದು ಜಾಲರಿ ಕಟ್ಟು. ಬೆಲ್ಟು ಹಾಕು. ಎಂಜಿನ್ ತಿರುಗಿದರೆ ಫ್ಯಾನೂ ತಿರುಗತ್ತೆ. ಸರಳವಾದ ವಿಚಾರ."

ಅಲ್ಲಿಗೆ ಬೆಲ್ಟಿನ ಆಯುಷ್ಯ ಮುಗಿಯಿತು. ಮೇಷ್ಟ್ರು 'ನೀರು ಒದ್ದೆ' ಅಂದಿದ್ದರೆ ತಿಮ್ಮರಾಜು ಅದನ್ನು ಮುಟ್ಟಿ ನೋಡದೆ ಒಪ್ಪುತ್ತಿರಲಿಲ್ಲ. ಅವತ್ತೇ ಪಾಂಡವಪುರಕ್ಕೆ ಹೋಗಿ, ಮುಚ್ಚಿಹೋದ ಹಿಟ್ಟಿನ ಗಿರಣಿಯೊಂದರ ಮೋಟರು ತಂದು, ಅದರ ಮೂತಿಗೆ ಫ್ಯಾನು ಸಿಕ್ಕಿಸಿದ. ಬೆಲ್ಟಿಲ್ಲ, ಶಾಫ್ಟಿಲ್ಲ, ಸ್ವಿಚ್ಚು ಒತ್ತಿದರೆ ಗಾಳಿ.

ಭಾನುವಾರ ಬೆಳಿಗ್ಗೆ ಎಂಜಿನ್ನು ಹೊಗೆ ಉಗುಳಿ ಎದ್ದಿತು. ತಿಮ್ಮರಾಜು ಗಾಣದ ಅಗಲ ಬೆಲ್ಟನ್ನು ಅದರ ಹಳೇ ಮೋಟರಿನಿಂದ ಬಿಚ್ಚಿ ಎಂಜಿನ್ನಿಗೆ ತೊಡಿಸಿದ. ಗೋಡೆಯಾಚೆ ಸ್ವಿಚ್ಚು ಒತ್ತಿದ. ಫ್ಯಾನು ತಿರುಗಿದ ರಭಸಕ್ಕೆ ಬೇವಿನ ಮರದ ಕೆಳಗೆ ಮಲಗಿದ್ದ ನಾಯಿ ಎದ್ದು ಮಾಕವಳ್ಳಿ ದಾರಿ ಹಿಡಿಯಿತು. ಗಾಣ ಕಬ್ಬನ್ನು ಕರಕರ ನುಂಗಿ ಹಾಲು ಸುರಿಸಿತು. ಎಂಜಿನ್ನಿನ ಕಾವು ತೋರಿಸುವ ಮೀಟರಿನ ಮುಳ್ಳು ಹಸಿರು ಗೆರೆ ಬಿಟ್ಟು ಅಲ್ಲಾಡಲಿಲ್ಲ.

ಮೇಷ್ಟ್ರು ಚೊಂಬು ಹಿಡಿದು ಬಂದರು. "ತಿಮ್ಮರಾಜು, ಒಂದು ಪ್ರಶ್ನೆ."

"ಇಸ್ಕೂಲಲ್ಲಿ ಕೇಳಿದ್ದೇ ಸಾಕು ಮೇಷ್ಟ್ರೆ. ಆಲು ಕುಡೀರಿ."

ಒಂಬತ್ತಕ್ಕೆ ಮೊದಲ ಕೊಪ್ಪರಿಗೆಯ ಪಾಕ ಇಳಿಯಿತು. ಅಣ್ಣಮ್ಮ ಬೆರಳಲ್ಲಿ ಬೆಲ್ಲ ನೆಕ್ಕಿ, "ಪರವಾಗಿಲ್ಲ ಕಣ್ಲಾ," ಅಂದಳು. ಅವಳ ಬಾಯಲ್ಲಿ ಅದು ಚಿನ್ನದ ಪದಕ.

"ತಿಮ್ಮರಾಜು, ಆ ಫ್ಯಾನಿನ ಮೋಟರು—"

"ಮೇಷ್ಟ್ರೆ, ಎಮ್ಮೆ ಕಾಯೋನು ಕಟ್ಟಿರೋ ಫ್ಯಾನು ತಿರುಗ್ತಾ ಅದೆ. ನಿಮಗ್ಯಾಕೆ ಒಟ್ಟೆ ಉರಿ?"

ಮೇಷ್ಟ್ರು ಚೊಂಬು ಹಿಡಿದು ಕಲ್ಲಿನ ಮೇಲೆ ಕೂತರು. ಹನ್ನೊಂದಕ್ಕೆ ಒಂದು ಲೋಡು ಮುಗಿಯುತ್ತಾ ಬಂದಿತ್ತು. ತಿಮ್ಮರಾಜು ಮನಸ್ಸಿನಲ್ಲೇ ಆಲೆಮನೆಗೆ ಹೊಸ ಸುಣ್ಣ ಬಳಿಸಿ, ಬಾಗಿಲ ಮೇಲೆ ತನ್ನ ಹೆಸರು ಬರೆಸಿ, ಮೇಷ್ಟ್ರ ಚೊಂಬಿಗೆ ಹಾಲು ಹಾಕಬೇಕೋ ಬೇಡವೋ ಅಂತ ಯೋಚಿಸುತ್ತಿದ್ದ.

ಆಗ ತ್ರೀ ಫೇಸು ಹೋಯಿತು.

ಎಂಜಿನ್ನು ನಿಲ್ಲಲಿಲ್ಲ. ಅದಕ್ಕೂ ಕರೆಂಟಿಗೂ ಸಂಬಂಧವಿಲ್ಲವಲ್ಲ. ಗಾಣವೂ ನಿಲ್ಲಲಿಲ್ಲ. ಗೋಡೆಯಾಚೆ ಫ್ಯಾನು ಮಾತ್ರ, ಸಂತೆ ಮುಗಿಸಿ ಮನೆಗೆ ಬಂದ ಮುದುಕಿಯ ಹಾಗೆ ಉಸ್ಸಂತ ನಿಧಾನವಾಗಿ, ಇನ್ನೂ ನಿಧಾನವಾಗಿ ತಿರುಗಿ ಕೂತುಬಿಟ್ಟಿತು.

ಮುಳ್ಳು ಹಸಿರು ಬಿಟ್ಟು ಮೇಲೆದ್ದಿತು. ಕರೆಂಟು ಇಲ್ಲದಾಗ ಓಡಲಿ ಅಂತ ತಂದ ಎಂಜಿನ್ನು. ಕರೆಂಟು ಇದ್ದರೆ ಮಾತ್ರ ತಿರುಗುವ ಫ್ಯಾನು.

"ಅದನ್ನೇ ಕೇಳೋಣ ಅಂತಿದ್ದೆ," ಅಂದರು ಮೇಷ್ಟ್ರು.

"ಕೇಳ್ಬೇಕಾಗಿತ್ತು."

"ಎರಡು ಸಲ ಬಾಯಿ ತೆಗೆದೆನಪ್ಪ."

ರೇಡಿಯೇಟರಿನ ಮುಚ್ಚಳದಿಂದ ಹಬೆ ಬುಸುಗುಟ್ಟಿತು. ತಿಮ್ಮರಾಜು ಎಂಜಿನ್ನು ನಿಲ್ಲಿಸಿದ. ಒದ್ದೆ ಗೋಣಿಚೀಲ ಹೊದಿಸಿದ. ಬೆಲ್ಲದ ಅಚ್ಚು ತೊಳೆಯುತ್ತಿದ್ದ ಹೆಂಗಸರ ಕೈಗೆ ಮೊರ ಕೊಟ್ಟು ರೇಡಿಯೇಟರಿಗೆ ಗಾಳಿ ಬೀಸಲು ನಿಲ್ಲಿಸಿ, ಮತ್ತೆ ಎಂಜಿನ್ನು ಎಬ್ಬಿಸಿದ. ಐದು ನಿಮಿಷಕ್ಕೆ ಮುಳ್ಳು ಮತ್ತೆ ಕೆಂಪಿಗೆ ಹೋಯಿತು. ಮಾಯಮ್ಮ ಅನ್ನುವವಳು ಮೊರ ಕೆಳಗಿಟ್ಟು, "ನನ್ನ ಗಂಡಂಗೂ ಇಂಗೆ ಬೀಸಿಲ್ಲ ಕಣಪ್ಪ," ಅಂತ ಹೋಗಿಬಿಟ್ಟಳು.

"ಬಸ್ಸಲ್ಲಾಗಿದ್ರೆ ಪ್ಯಾಸೆಂಜರ ಇಳ್ಸಿ ತಳ್ಳಿಸ್ತಿದ್ದೆ," ಅಂದ ಚಿಕ್ಕಸ್ವಾಮಿ. "ಇಲ್ಲಿ ತಳ್ಳಿದ್ರೆ ಎಲ್ಲಿಗೋಯ್ತದೆ?"

ಇನ್ನೊಂದು ಲೋಡು ಕಬ್ಬು ಬಿಸಿಲಲ್ಲಿ ಕಾಯುತ್ತಿತ್ತು. ಅಣ್ಣಮ್ಮ ಸೂರ್ಯನನ್ನು ನೋಡಿದಳು, ಆಮೇಲೆ ತಮ್ಮನ ಮಗನನ್ನು ನೋಡಿದಳು.

"ರೇಡಿಯೇಟರ್ ಒಳಗೆ ತಂದು ಬೆಲ್ಟ್ ಹಾಕೋಕೆ ಒಂದು ಗಂಟೆ ಸಾಕು," ಅಂದರು ಮೇಷ್ಟ್ರು, ಮೆತ್ತಗೆ.

ಆ ಮೆತ್ತಗಿನ ದನಿಯೇ ಕೆಲಸ ಕೆಡಿಸಿದ್ದು. "ಬೆಲ್ಟ್ ಆಕಾಕಿಲ್ಲ," ಅಂದ ತಿಮ್ಮರಾಜು. "ಎಂಜಿನ್ನು ಸುಟ್ಟು ಬೂದಿಯಾದ್ರೂ ಆಕಾಕಿಲ್ಲ. ಫ್ಯಾನಿಗೆ ಕರೆಂಟ್ ತಾನೇ ಬೇಕು? ತರಿಸ್ತೀನಿ."

ಫೋನು ತೆಗೆದು ಕೆ.ಆರ್.ಪೇಟೆಯಲ್ಲಿ ಶಾಮಿಯಾನದ ಅಂಗಡಿ ಇಟ್ಟಿದ್ದ ರಂಗಸ್ವಾಮಿಗೆ ಮಾಡಿದ. ಹಿಂದಿನ ದಿನದ ಮದುವೆ ಮುಗಿಸಿ ಅವನ ಜನರೇಟರು ಖಾಲಿ ನಿಂತಿತ್ತು. ಒಂದು ಗಂಟೆಯೊಳಗೆ ಟ್ರಾಕ್ಟರಿನ ಹಿಂದೆ ತಗಡಿನ ಪೆಟ್ಟಿಗೆಯಂಥ ಆ ಜನರೇಟರು ಬಂತು, ಅದರ ನೆತ್ತಿಯಲ್ಲಿ ಇನ್ನೂ ಚೆಂಡು ಹೂವಿನ ಹಾರ. ರಂಗಸ್ವಾಮಿ ವೈರು ಎಳೆದು ಕೊಟ್ಟ. ಫ್ಯಾನು ತಿರುಗಿತು. ಎಂಜಿನ್ನು ಎದ್ದಿತು. ಗಾಣ ಎರಡನೇ ಲೋಡಿಗೆ ಬಾಯಿ ಹಾಕಿತು.

ತಿಮ್ಮರಾಜು ಕೈ ಒರೆಸಿಕೊಂಡು, ಗೆದ್ದ ಹುಂಜದ ಹಾಗೆ ಮೇಷ್ಟ್ರ ಮುಂದೆ ಎರಡು ಸಲ ಸುಮ್ಮನೆ ಅಡ್ಡಾಡಿದ.

ಒಂದು ಕಡೆ ಎಂಜಿನ್ನಿನ ಅಬ್ಬರ, ಇನ್ನೊಂದು ಕಡೆ ಜನರೇಟರಿನ ಅಬ್ಬರ. ನಡುವೆ ಅಣ್ಣಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಇದನ್ನೊಂದು ಸಲ ನೋಡಿದಳು, ಅದನ್ನೊಂದು ಸಲ ನೋಡಿದಳು. ಅವಳು ಯಾವ ಕ್ಲಾಸಿಗೂ ಹೋದವಳಲ್ಲ.

"ಏ ರಂಗಸ್ವಾಮಿ, ಈ ನಿನ್ನ ಪೆಟ್ಗೆ ಬರೀ ಫ್ಯಾನೇ ತಿರುಗ್ಸಾದಾ?"

"ಇದೇನವ್ವ ಇಂಗಂದ್ಬುಟ್ಟೆ. ಇಡೀ ಛತ್ರ ಎಳೀತದೆ."

"ಅಂಗಾದ್ರೆ ಗಾಣದ್ ಮೋಟ್ರು ಎಳೀತದಾ?"

"ಕಣ್ಮುಚ್ಕಂಡು ಎಳೀತದೆ."

"ಮತ್ತೆ ಈ ಎಂಜಿನ್ನ ತಂಪು ಮಾಡಾಕೆ ಆ ಪೆಟ್ಗೆ, ಗಾಣ ತಿರುಗ್ಸಾಕೆ ಈ ಎಂಜಿನ್ನು. ಎಲ್ಡು ಯಾಕ್ಲಾ ತಿಮ್ಮ?"

ಅದಕ್ಕೆ ಉತ್ತರ ಹೇಳಲು ತಿಮ್ಮರಾಜು ಬಾಯಿ ತೆರೆದ. ಅಷ್ಟರಲ್ಲಿ ರಂಗಸ್ವಾಮಿ ವೈರನ್ನು ಫ್ಯಾನಿನಿಂದ ಕಿತ್ತು ಗಾಣದ ಹಳೇ ಮೋಟರಿಗೆ ಕೊಟ್ಟ, ಚಿಕ್ಕಸ್ವಾಮಿ ಎಂಜಿನ್ನು ನಿಲ್ಲಿಸಿ ಅಗಲ ಬೆಲ್ಟನ್ನು ಮೋಟರಿಗೆ ತೊಡಿಸಿದ. ಸಾಯಂಕಾಲದವರೆಗೂ ಗಾಣ ಕೆಮ್ಮಲೂ ಇಲ್ಲ.

ಹೊತ್ತು ಮುಳುಗುವ ಮೊದಲೇ ಕೊನೆಯ ಕಬ್ಬು ಒಳಗೆ ಹೋಯಿತು. ಅಣ್ಣಮ್ಮ ಕೊಟ್ಟ ಮಾತಿಗೆ ತಪ್ಪುವವಳಲ್ಲ. "ಕರೆಂಟ ನಂಬ್ಕಳ್ದೆ ಅರೆದು ಕೊಟ್ಟೋನು ರಂಗಸ್ವಾಮಿ. ಈ ವರ್ಷ ಆಲೆಮನೆ ಅವನ್ದೇ," ಅಂದಳು. ಬೆಲ್ಲದ ಅಚ್ಚೊಂದನ್ನು ತಿಮ್ಮರಾಜುವಿನ ಕೈಗಿಟ್ಟಳು, ಜಾತ್ರೆಯಲ್ಲಿ ಅಳುವ ಕೂಸಿಗೆ ಕೊಡುವ ಹಾಗೆ.

ಜನರೇಟರಿಗೆ ನೀರು ಹುಯ್ಯಲು ರಂಗಸ್ವಾಮಿ ತಗಡಿನ ಬಾಗಿಲು ತೆಗೆದ. ಚಿಕ್ಕಸ್ವಾಮಿ ಇಣುಕಿ ನೋಡಿ ಎದೆ ಹಿಡಿದುಕೊಂಡ.

"ಅಯ್ಯೋ ಶಿವನೆ, ಇದು ನಮ್ಮ ಬಸ್ ಓನರ್ದು ಇನ್ನೊಂದು ಬಸ್ಸಿನ ಎಂಜಿನ್ನಲ್ವೇನ್ಲಾ?"

ತಿಮ್ಮರಾಜುವೂ ಇಣುಕಿದ. ತಾನು ತಂದಂಥದ್ದೇ ಎಂಜಿನ್ನು. ಅದರ ಮೂಗಿನ ಮುಂದೇ ರೇಡಿಯೇಟರು. ಧೂಳಿಗೆ ಒಂದು ಜಾಲರಿ. ಫ್ಯಾನಿಗೆ ಒಂದು ಬೆಲ್ಟು.

"ಈ ಬೆಲ್ಟ್ ಆಕು ಅಂತ ನಿಂಗ್ಯಾರು ಯೋಳಿದ್ರು?" ಅಂತ ಕೇಳಿದ, ಹಲ್ಲು ಕಚ್ಚಿ, ಓರೆಗಣ್ಣಲ್ಲಿ ಮೇಷ್ಟ್ರನ್ನು ನೋಡುತ್ತ.

"ಯಾರೂ ಯೋಳ್ನಿಲ್ಲ ಕಣಣ್ಣ," ಅಂದ ರಂಗಸ್ವಾಮಿ. "ನಂಗೆ ಎಂಜಿನ್ನು ಬಿಚ್ಚಾಕೆ ಬರಾಕಿಲ್ಲ. ಬಸ್ಸಲ್ಲಿ ಎಂಗಿತ್ತೋ ಅಂಗೇ ಇಕ್ಕಿದೆ."

ಮೇಷ್ಟ್ರು ಚೊಂಬು ಎತ್ತಿಕೊಂಡು ಎದ್ದರು. "ತಿಮ್ಮರಾಜು, ಒಂದು ಪ್ರಶ್ನೆ."

"ಕೇಳ್ಬ್ಯಾಡಿ."

ಆಗಲೇ ತ್ರೀ ಫೇಸು ವಾಪಸು ಬಂತು. ಗೋಡೆಯಾಚೆಯ ಸ್ವಿಚ್ಚನ್ನು ಯಾರೂ ಆರಿಸಿರಲಿಲ್ಲ; ರಂಗಸ್ವಾಮಿ ಫ್ಯಾನಿನಿಂದ ತನ್ನ ವೈರು ಕೀಳುವಾಗ ಕರೆಂಟಿನ ಹಳೇ ವೈರನ್ನು ಇದ್ದ ಜಾಗಕ್ಕೇ ಸಿಕ್ಕಿಸಿದ್ದ. ಬೇವಿನ ಮರದ ಕೆಳಗೆ ಫ್ಯಾನು ತಾನಾಗಿಯೇ ಎದ್ದು, ತಣ್ಣಗೆ ಕೂತಿದ್ದ ಎಂಜಿನ್ನಿನ ರೇಡಿಯೇಟರಿಗೆ ಜೋರಾಗಿ ಗಾಳಿ ಹಾಕತೊಡಗಿತು. ಆಗಷ್ಟೇ ಮಾಕವಳ್ಳಿ ಕಡೆಯಿಂದ ಹಿಂತಿರುಗಿದ್ದ ನಾಯಿ ಮತ್ತೆ ಓಡಿತು.

ತಿಮ್ಮರಾಜು ಬೆಲ್ಲದ ಅಚ್ಚನ್ನು ಕಟಕ್ಕನೆ ಕಚ್ಚಿದ. ಎಲ್ಲರ ಕಡೆಗೂ ತಿರುಗಿ, ತಲೆಯೆತ್ತಿ, ಬೆರಳು ಮಾಡಿ ತೋರಿಸಿದ.

"ನೋಡ್ಕಳ್ರಿ. ಎಂಗೆ ತಿರುಗ್ತಾ ಅದೆ."