ಚಾಕಿ ಮನೆಯ ಈ-ಮೇಲು

ಕಂಪ್ಯೂಟರಿನ ಮೇಜಿನ ಸುತ್ತ ಸುಣ್ಣದ ಗೆರೆ ಎಳೆದು, ಅದನ್ನು ಮುಟ್ಟುವ ಮೊದಲು ಬಂದವರ ಕೈಕಾಲು ತೊಳೆಸುತ್ತಿದ್ದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದರೆಂದು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ. ಅವರು ನಮ್ಮ ಭಾವನವರು, ನನ್ನ ಯಜಮಾನರ ಖಾಸಾ ಅಣ್ಣ. ಹೆಸರು ಬೇಡ. ಹೆಸರು ಹೇಳಿದರೆ ಬೈರಾಪಟ್ಟಣದ ಆಚೆಗಿನ ನಮ್ಮ ಊರಿನವರೆಲ್ಲ "ಅವರ ವಿಷಯದಲ್ಲಿ ನೀವು ಅರ್ಧವನ್ನೂ ಬರೆದಿಲ್ಲ" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ.

ನಾನು ಸೊಸೆಯಾಗಿ ಬಂದಾಗ ಮೈಸೂರಿನ ಕಾನ್ವೆಂಟಿನ ಇಸ್ತ್ರಿ ಇನ್ನೂ ನನ್ನ ಮೈಮೇಲಿತ್ತು. 'ಎಕ್ಸ್‌ಕ್ಯೂಸ್ ಮಿ' ಎನ್ನದೆ ಕೆಮ್ಮುತ್ತಲೂ ಇರಲಿಲ್ಲ. ಮೊದಲನೆಯ ಬೆಳಿಗ್ಗೆ ತುಂಬ ಡೀಸೆಂಟಾಗಿ ತಲೆ ಬಾಚಿ, ಪೌಡರ್ ಹಾಕಿಕೊಂಡು, ರೇಷ್ಮೆ ಹುಳು ಸಾಕುವ ಮನೆಯನ್ನು ನೋಡಬೇಕೆಂದು ಹೋದೆ. ಭಾವನವರು ಬಾಗಿಲಿಗೆ ಅಡ್ಡ ನಿಂತು, ಒಮ್ಮೆ ಮೂಸಿ ನೋಡಿ ಹೇಳಿದ್ದು ಇಷ್ಟೇ: "ಈ ವಾಸ್ನೆಗೆ ಹುಳ ಮೇವು ಬುಡ್ತವೆ ಅಮ್ಮಣ್ಣಿ. ಮಕ ತೊಳ್ಕಂಡ್ ಬಾ." ನನ್ನ ಫಾರಿನ್ ಪೌಡರಿಗೆ ಸಿಕ್ಕ ಕಾಂಪ್ಲಿಮೆಂಟು ಅದು! ಅಂದಿನಿಂದ ನಾನು ಅವರಿಗೆ ಅಮ್ಮಣ್ಣಿಯೇ ಆದೆ. ಮೊಮ್ಮಕ್ಕಳಾದ ಮೇಲೂ ಅಮ್ಮಣ್ಣಿ.

ಅವರನ್ನು ಪೂರ್ತಿ ತಪ್ಪೆನ್ನಲೂ ಆಗುವುದಿಲ್ಲ. ರೇಷ್ಮೆ ಹುಳುವಿನಷ್ಟು ನಾಜೂಕಿನ ಪ್ರಾಣಿ ಇನ್ನೊಂದಿಲ್ಲ. ಹೊರಗಿನವರ ಕಾಲಿನ ಧೂಳಿನಿಂದಲೇ ರೋಗ ತಗುಲಿ ಒಂದಿಡೀ ಬೆಳೆ ಹೋಗಿಬಿಡುತ್ತದೆ. ಅದಕ್ಕೇ ಹುಳುಮನೆಯ ಹೊಸ್ತಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರು, ಒಳಗೆ ಸುಣ್ಣ, ಕಿಟಕಿಗೆ ನೊಣದ ಪರದೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಒಂದು ದಿನ ಮೇವು ಮುಟ್ಟದೆ, ತಲೆ ಎತ್ತಿಕೊಂಡು, ಏನೋ ಪ್ರೇಯರ್ ಮಾಡುತ್ತಿರುವಂತೆ ಸುಮ್ಮನಿರುತ್ತದೆ. ನಮ್ಮ ಕಡೆ ಅದಕ್ಕೆ 'ಜ್ವರ' ಎನ್ನುತ್ತಾರೆ. ಒಂದೊಂದು ಜ್ವರದಿಂದ ಎದ್ದಾಗಲೂ ಹುಳುವಿನ ಮೇಲೆ ಔಷಧಿ ಪುಡಿ ಉದುರಿಸಬೇಕು. ಉಳಿದ ರೈತರು ಒಮ್ಮೊಮ್ಮೆ ಮರೆಯುವುದುಂಟು. ನಮ್ಮ ಭಾವನವರು? ಮಗಳ ಮದುವೆಯ ಮುಹೂರ್ತದಲ್ಲಿ ಧಾರೆಯ ನೀರು ಬಿಟ್ಟು, "ಒಸಿ ಇರ್ರಿ, ಬತ್ತೀನಿ" ಎಂದು ಎದ್ದುಹೋಗಿ ಪುಡಿ ಹೊಡೆದು ಬಂದವರು!

ಇಂಥವರಿಗೆ ಇಡೀ ಜಗತ್ತಿನಲ್ಲಿ ಒಬ್ಬರೇ ಸ್ನೇಹಿತರು. ಅವರಿದ್ದದ್ದು ಜಪಾನಿನಲ್ಲಿ.

ಹಿಂದೊಮ್ಮೆ ರೇಷ್ಮೆ ತರಬೇತಿಗೆಂದು ಬಂದು, ನಮ್ಮ ಮನೆಯಲ್ಲಿ ಎರಡು ಬೆಳೆಯಷ್ಟು ಕಾಲ ಉಳಿದಿದ್ದ ಸಣ್ಣಕಾಯದ, ನಗುಮುಖದ ತಜ್ಞರು ಅವರು. ಊರವರ ಬಾಯಲ್ಲಿ 'ಜಪಾನ್ ಸಾಹೇಬ್ರು'. ನಮ್ಮ ಎರಡು ಎಕರೆ ಹಿಪ್ಪುನೇರಳೆ ತೋಟದ ಒಂದೊಂದು ಸಾಲನ್ನೂ ಇಬ್ಬರೂ ಹಗ್ಗ ಹಿಡಿದು ನೆಟ್ಟಿದ್ದರು. ಸಾಹೇಬರಿಗೆ ಇಂಗ್ಲಿಷ್ ಅಲ್ಪಸ್ವಲ್ಪ, ಭಾವನವರಿಗೆ ಸೊನ್ನೆ. ಹೀಗಾಗಿ ಸಾಹೇಬರು ಊರಿಗೆ ಮರಳಿದ ಮೇಲೆ ಇಬ್ಬರ ನಡುವಿನ ಪೋಸ್ಟಾಫೀಸು ನಾನಾದೆ. ಭಾವನವರು ಹೇಳುತ್ತಿದ್ದ ಕಾಗದದಲ್ಲಿ ಮೊದಲು ತೋಟದ ಆರೋಗ್ಯ, ಆಮೇಲೆ ಹುಳುವಿನ ಆರೋಗ್ಯ. ಕೊನೆಯಲ್ಲಿ ಜಾಗ ಉಳಿದರೆ ಸಾಹೇಬರ ಹೆಂಡತಿಯ ಆರೋಗ್ಯ!

ಕಾಗದ ಹೋಗಿ ಉತ್ತರ ಬರುವಷ್ಟರಲ್ಲಿ ಹುಳು ಗೂಡು ಕಟ್ಟಿ, ರಾಮನಗರದ ಮಾರ್ಕೆಟ್ಟಿಗೂ ಹೋಗಿ ಆಗಿರುತ್ತಿತ್ತು. ಅದನ್ನು ನೋಡಲಾರದೆ, ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಮಗಳು ತನ್ನ ಹಳೆಯ ಕಂಪ್ಯೂಟರ್ ತಂದು, ಟೆಲಿಫೋನಿನ ತಂತಿಗೆ ಸಿಕ್ಕಿಸಿ, ಮೇಲ್ ಪ್ರೋಗ್ರಾಮ್ ಕೂರಿಸಿಕೊಟ್ಟಳು. ಅಂಚೆ ತರಿಸುವ ಸರ್ವರಿನ ಹೆಸರನ್ನು ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದಳು. ಎಲ್ಲಿ ಇಡುವುದು ಅದನ್ನು? ಭಾವನವರು ಚಾಕಿ ಮನೆಯನ್ನೇ ಬಿಟ್ಟುಕೊಟ್ಟರು. ಚಾಕಿ ಮನೆಯೆಂದರೆ ಮರಿಹುಳುಗಳನ್ನು ಸಾಕುವ ಪುಟ್ಟ ಕೋಣೆ, ಇಡೀ ಮನೆಯಲ್ಲಿ ತಂಪಾದದ್ದು, ಚೊಕ್ಕಟವಾದದ್ದು. ಕಂಪ್ಯೂಟರಿಗೂ ಸುಣ್ಣದ ಗೆರೆ ಬಂತು, ನೊಣದ ಪರದೆ ಬಂತು. ನಾನಂತೂ ಬ್ಲೀಚಿಂಗ್ ನೀರಿನಲ್ಲಿ ಕಾಲು ತೊಳೆದು, ಸೊಳ್ಳೆಪರದೆಯೊಳಗೆ ಮದುಮಗಳಂತೆ ಕುಳಿತು ಟೈಪ್ ಮಾಡುತ್ತಿದ್ದೆ. ಕಿಟಕಿಯಾಚೆ ಹಿಪ್ಪುನೇರಳೆ ಎಲೆ ಗಾಳಿಗೆ ಬೆನ್ನು ತಿರುಗಿಸಿ ಬೆಳ್ಳಗೆ ಹೊಳೆಯುವುದು. ಫೋನು ಕುಯ್ ಕುಯ್ ಎಂದು ಎಲ್ಲೋ ಏನನ್ನೋ ಹುಡುಕುವುದು. ಆ ಮಧ್ಯಾಹ್ನಗಳಲ್ಲಿ ಎಷ್ಟೋ ಸಲ ನಾನು ಟೈಪ್ ಮಾಡುವುದನ್ನೇ ಮರೆತು ಕುಳಿತಿದ್ದೇನೆ. ಯಾವ ಊರಿನಲ್ಲಿದ್ದೇನೆ, ಎಷ್ಟನೆಯ ವಯಸ್ಸಿನಲ್ಲಿದ್ದೇನೆ, ಒಂದೂ ತಿಳಿಯುತ್ತಿರಲಿಲ್ಲ.

ಹೆದ್ದಾರಿಯ ಉದ್ದಕ್ಕೂ ಫ್ಯಾಕ್ಟರಿಗಳು ಏಳುತ್ತ ಏಳುತ್ತ ನಮ್ಮೂರಿನ ಕಡೆಗೂ ನಡೆದುಬಂದವು. ಒಂದು ದಿನ ನೋಟೀಸೂ ಬಂತು. ಈ ವರ್ಷದ ಬೆಳೆಗಳು ಮುಗಿದ ಮೇಲೆ ತೋಟ ಫ್ಯಾಕ್ಟರಿಗೆ. ಅದೇ ವಾರ ಸಾಹೇಬರ ಮೇಲು ಬಂತು. ಬೆಂಗಳೂರಿಗೆ ಬರುತ್ತೇನೆ, ವಯಸ್ಸಾಯಿತು, ಇದೇ ಕೊನೆಯ ಪ್ರಯಾಣ, ಒಂದು ದಿನ ನಮ್ಮ ತೋಟ ನೋಡಬೇಕು, ತಾರೀಖು ಬರೆಯುತ್ತೇನೆ ಎಂದಿತ್ತು.

ನಾನು ನೋಟೀಸಿನ ಸುದ್ದಿ ಟೈಪ್ ಮಾಡಲು ಹೊರಟೆ. ಭಾವನವರು ಸೊಳ್ಳೆಪರದೆಯೊಳಗೆ ಕೈ ತೂರಿಸಿ ತಡೆದರು.

"ಅದ್ನ ಬರೀಬ್ಯಾಡ ಅಮ್ಮಣ್ಣಿ. ತ್ವಾಟ ನೋಡಾಕೆ ಬರ್ಲಿ, ಸಾವು ನೋಡಾಕಲ್ಲ."

ಅಲ್ಲಿಂದ ಶುರುವಾಯಿತು ಕಾಯುವ ಕೆಲಸ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ "ಬಂತಾ?" ಎನ್ನುತ್ತಿದ್ದರು. ಆ ಹೊತ್ತಿಗೇ ಮೇಲ್ ಪ್ರೋಗ್ರಾಮು ಕೈಕೊಡಬೇಕೆ! ಒಂದು ದಿನ ನೋಡುತ್ತೇನೆ, ಸ್ಕ್ರೀನಿನ ಮೇಲೆ ಸರ್ವರಿನ ಹೆಸರಿರಬೇಕಾದ ಡಬ್ಬಿಯಲ್ಲಿ ಹೆಸರೇ ಇಲ್ಲ. ನೂರಿಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು ಎಂದು ಏನೋ ಅಂಕಿಗಳು. ಮಗಳಿಗೆ ಫೋನ್ ಮಾಡಿದೆ. "ಅಮ್ಮಾ, ಅದು ತಾನಾಗಿ ಬದಲಾಗುವುದಿಲ್ಲ. ರಟ್ಟು ನೋಡಿ ಸರಿ ಮಾಡು" ಎಂದಳು. ಸರಿ ಮಾಡಿದೆ. ಬಂದದ್ದು ಕೂದಲು ಬೆಳೆಸುವ ಎಣ್ಣೆಯ ಜಾಹೀರಾತೊಂದೇ. ನಾಲ್ಕು ದಿನ ಕಳೆಯಿತು, ಮತ್ತೆ ಅದೇ ಅಂಕಿ. ಮತ್ತೆ ಸರಿ ಮಾಡಿದೆ. ಮೂರನೆಯ ಸಲ ಹೆಸರು ಸರಿ ಮಾಡಿದರೂ ಪ್ರೋಗ್ರಾಮು ಪಾಸ್‌ವರ್ಡ್ ಕೇಳಿತು. ಕೊಟ್ಟರೆ ಒಲ್ಲೆ ಎಂದಿತು. ಇನ್ನೊಮ್ಮೆ ಕೊಟ್ಟೆ. ಒಲ್ಲೆ! ಮನೆಯವರನ್ನೇ ಗುರುತಿಸದ ಹೊಸ ವಾಚ್‌ಮನ್ನಿನ ಹಾಗೆ.

ಭಾವನವರ ತನಿಖೆ ಆರಂಭವಾಯಿತು. ಮೊದಲ ಗುಮಾನಿ ಫೋನಿನ ಲೈನ್‌ಮನ್ ಮೇಲೆ. ಎರಡನೆಯದು ಫ್ಯಾಕ್ಟರಿಯವರ ಮೇಲೆ. ಮೂರನೆಯದು, ಪಾಪ, ನನ್ನ ಯಜಮಾನರ ಮೇಲೆ. ಅವರು ಆ ಕೋಣೆಯಲ್ಲಿ ಕದ್ದು ಬೀಡಿ ಸೇದುತ್ತಿದ್ದದ್ದು ಆಗಲೇ ಬಯಲಾದದ್ದು. "ಬೀಡಿ ಸೇದ್ದೆ ಅಣ್ಣಯ್ಯ, ಸರ್ವರ್ ಸೇದ್ಲಿಲ್ಲ" ಎಂದು ಅವರು ಎಷ್ಟು ಹೇಳಿಕೊಂಡರೂ ಕೋಣೆಗೆ ಬೀಗ ಬಿತ್ತು. ಬೀಗದ ಕೈ ಭಾವನವರ ಉಡಿದಾರಕ್ಕೆ ಹೋಯಿತು. ಬೀಗದೊಳಗೇ ಸರ್ವರ್ ಮತ್ತೆ ಬದಲಾಯಿತು!

ಕೊನೆಗೆ ಕಂಪ್ಯೂಟರಿನ ಪೆಟ್ಟಿಗೆಯನ್ನು ಗೂಡು ತುಂಬುವ ಚೀಲದಲ್ಲಿ ಕಟ್ಟಿಕೊಂಡು ರಾಮನಗರಕ್ಕೆ ಹೊರಟೆವು. ಅಷ್ಟು ದೂರ ಹೋಗಿ ಮಾರ್ಕೆಟ್ಟಿಗೆ ತಲೆ ಹಾಕದೆ ಬರುವುದುಂಟೇ? ಅಲ್ಲಿ ಪರಿಚಯದ ನೂಲು ಬಿಚ್ಚಾಣಿಕೆಯವರೊಬ್ಬರು ಅಭ್ಯಾಸಬಲದಿಂದ ನಮ್ಮ ಚೀಲವನ್ನು ಅದುಮಿ ನೋಡಿ, "ಏನಣ್ಣ, ಈ ಸಲ ನಿನ್ ಗೂಡು ಕಲ್ಲಾಗೈತಲ್ಲ" ಎಂದರು. ಗೂಡು ಗಟ್ಟಿಯಾಗಿದ್ದರೆ ಒಳ್ಳೆಯ ಬೆಲೆ. ಭಾವನವರು ಒಂದು ಕ್ಷಣ ಉಬ್ಬಿಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಸ್ಟೇಷನ್ ಹತ್ತಿರದ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದಾಕೆ ಚುರುಕಿನ ಹೆಂಗಸು. ಅಂಕಿಗಳನ್ನು ನೋಡಿ ನಕ್ಕೇಬಿಟ್ಟರು. "ಇದು ನಿಮ್ ಮಿಷನ್ನಿಂದೇ ಅಡ್ರೆಸ್ಸು ಕಣಮ್ಮ. ಎಲ್ಲಿಂದ್ಲೋ ಬರೋ ಕಾಗ್ದಾನ ನಿಮ್ ಮನೆ ಒಳ್ಗೇ ಹುಡುಕ್ತಾ ಕೂತೈತೆ." ಸರ್ವರಿನ ಹೆಸರಿನ ಜೊತೆಗೆ ಕೆಳಗಿನ ಡಬ್ಬಿಯಲ್ಲಿ ನಮ್ಮ ಹೆಸರೂ ಬದಲಾಗಿತ್ತಂತೆ, ಪಾಸ್‌ವರ್ಡ್ ಒಪ್ಪದಿದ್ದದ್ದು ಅದಕ್ಕೇ. ಎರಡನ್ನೂ ಸರಿ ಮಾಡಿ, ಇತ್ತೀಚೆಗೆ ಇದಕ್ಕೆ ಏನಾದರೂ ಮಾಡಿದಿರಾ ಎಂದು ಭಾವನವರನ್ನು ಕೇಳಿದರು.

"ಏನೂ ಮಾಡಿಲ್ಲ ಕಣವ್ವ."

ಎಂಥ ಸತ್ಯಸಂಧರ ಮುಖವಿತ್ತೆಂದರೆ, ಹಾಗಾದರೆ ಮನೆಯವರೇ ಯಾರೋ ಬದಲಾಯಿಸುತ್ತಿದ್ದಾರೆ ಎಂದುಬಿಟ್ಟರು ಆಕೆ. ಮನೆಗೆ ಬಂದರೆ ಕರೆಂಟಿಲ್ಲ. ಮರುದಿನ ಕರೆಂಟು ಬಂದಾಗ ನೋಡಿದರೆ, ಅಂಕಿ ಮತ್ತೆ ವಕ್ಕರಿಸಿತ್ತು. ಅದಾದ ಮೇಲೆ ವಾರಕ್ಕೂ ಮಿಕ್ಕಿ ಫೋನೇ ಸತ್ತಿತ್ತು, ನಾನು ತಿದ್ದಿದ್ದೆಲ್ಲ ವ್ಯರ್ಥ, ಜೀವ ಬರುವಷ್ಟರಲ್ಲಿ ಇನ್ನೆರಡು ಸಲ ಅಂಕಿ.

ನನಗೆ ಒಂದು ಹಳೆಯ ಅಭ್ಯಾಸವಿದೆ, ಹಾಲು ಬಾರದ ದಿನ, ತಲೆನೋವು ಬಂದ ದಿನ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು. ಸರ್ವರ್ ಬದಲಾದ ದಿನಗಳಿಗೂ ಹಾಕಿದ್ದೆ. ಒಂದು ಬುಧವಾರದ ಮಧ್ಯಾಹ್ನ ಅಡುಗೆಮನೆಯಲ್ಲಿ ಅರೆನಿದ್ದೆಯ ಮಂಪರಿನಲ್ಲಿ ಆ ಕ್ಯಾಲೆಂಡರನ್ನೇ ನೋಡುತ್ತಿದ್ದೆ. ಅದರ ಮೇಲೆ ಭಾವನವರು ಹುಳುವಿನ ಲೆಕ್ಕಕ್ಕೆ ಕೆಂಪು ಪೆನ್ಸಿಲಿನ ಚುಕ್ಕಿ ಇಡುತ್ತಿದ್ದರು. ಮೊದಲನೆಯ ಜ್ವರ ಎದ್ದ ದಿನ ಅವರ ಚುಕ್ಕಿ, ಪಕ್ಕದಲ್ಲಿ ನನ್ನ ಗುರುತು. ಎರಡನೆಯ ಜ್ವರ, ಚುಕ್ಕಿ, ಗುರುತು. ಮೂರನೆಯದೂ ಹಾಗೆಯೇ. ಹಿಂದಿನ ಬೆಳೆಗೆ ಹೋದೆ. ಅಲ್ಲೂ ಅದೇ. ಗುಡ್ ಹೆವೆನ್ಸ್! ಹುಳು ಪೊರೆ ಬಿಟ್ಟಾಗಲೆಲ್ಲ ಸರ್ವರ್ ಕೂಡ ಪೊರೆ ಬಿಡುತ್ತಿದೆ!

ಓಡಿದೆ. ಭಾವನವರು ಹುಳುವಿಗೆ ಪುಡಿ ಹೊಡೆದು ಕೈ ತೊಳೆಯುತ್ತಿದ್ದರು.

"ಭಾವ, ಪುಡಿ ಹೊಡೆದ ಮೇಲೆ ಏನು ಮಾಡುತ್ತೀರಿ?"

"ಏನ್ ಮಾಡ್ತೀನಿ, ಇದಕ್ಕೂ ಹಾಕ್ತೀನಿ" ಎಂದು ಬ್ಲೀಚಿಂಗ್ ಪೌಡರಿನ ಡಬ್ಬದ ಪಕ್ಕದಿಂದ ಒಂದು ಸಿ.ಡಿ. ತೆಗೆದರು. "ಮಾರ್ಕೆಟ್ನಾಗೆ ಒಬ್ರು ಕೊಟ್ರು. ಕಂಪ್ಯೂಟ್ರಿಗೂ ಕಾಯ್ಲೆ ಬತ್ತದಂತೆ. ಹುಳಕ್ಕೆ ಪುಡಿ ಹೊಡ್ದು ಇದ್ನ ಅಂಗೇ ಬುಡಾಕಾಯ್ತದಾ?"

ಸಿ.ಡಿ. ಹಾಕಿ, ಬಂದ ಪ್ರಶ್ನೆಗೆಲ್ಲ ಬಲಗಡೆಯ ಗುಂಡಿ ಒತ್ತುವುದನ್ನು ಯಾರೋ ಕಲಿಸಿಕೊಟ್ಟಿದ್ದರು. ಬೆಳಿಗ್ಗೆ ಕಸ ಗುಡಿಸುವುದು ಹೇಗೋ ಇದೂ ಹಾಗೆ. ಅದನ್ನು 'ಏನಾದರೂ ಮಾಡಿದ್ದು' ಎಂದು ಯಾರಾದರೂ ಲೆಕ್ಕಕ್ಕಿಡುತ್ತಾರೆಯೇ? ಮಗಳು ಫೋನಿನಲ್ಲಿ ನಗು ತಡೆದುಕೊಂಡು ವಿವರಿಸಿದಳು. ಅದು ಕಂಪ್ಯೂಟರನ್ನು ಕಾಯುವ ಪ್ರೋಗ್ರಾಮು. ಹಾಕಿದಾಗಲೆಲ್ಲ, ಅಂಚೆಯೆಲ್ಲ ಮೊದಲು ತನ್ನ ಕೈಗೇ ಬರಲಿ ಎಂದು ಸರ್ವರಿನ ಜಾಗದಲ್ಲಿ ತನ್ನ ವಿಳಾಸ ಬರೆದುಕೊಳ್ಳುತ್ತದೆ, ಒಮ್ಮೊಮ್ಮೆ ನಮ್ಮ ಹೆಸರನ್ನೂ ತಿದ್ದುತ್ತದೆ. ಆದರೆ ಆ ಸಿ.ಡಿ.ಯ ಅವಧಿ ಮುಗಿದುಹೋಗಿತ್ತು. ಹೀಗಾಗಿ ಗೇಟು ಹಾಕಿಕೊಂಡು, ಗೇಟಿನಲ್ಲೇ ಮಲಗಿಬಿಡುತ್ತಿತ್ತು.

ನಾನು ನಗುನಗುತ್ತ ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಭಾವನವರು ನಗಲಿಲ್ಲ. ಸಿ.ಡಿ.ಯನ್ನು ಎರಡೂ ಕಡೆ ತಿರುಗಿಸಿ ನೋಡಿದರು.

"ಅಂಗಾರೆ ಸಾಹೇಬ್ರನ್ನ ಬಾಗ್ಲಾಗೆ ನಿಲ್ಲಿಸ್ದೋನು ನಾನೇಯ" ಎಂದರು.

ಪ್ರೋಗ್ರಾಮನ್ನು ಬೇರುಸಹಿತ ತೆಗೆಸಿ, ಎರಡು ಡಬ್ಬಿಯನ್ನೂ ಸರಿ ಮಾಡಿದೆವು. ಫೋನು ಕುಯ್‌ಗುಟ್ಟಿತು. ಒಂದರ ಹಿಂದೆ ಒಂದು ಸಾಹೇಬರ ಐದು ಮೇಲುಗಳು ಇಳಿದವು. ಮೊದಲನೆಯದರಲ್ಲಿ ತಾರೀಖಿತ್ತು. ಎರಡನೆಯದರಲ್ಲಿ, ಸಿಕ್ಕಿತೇ ಎಂದು. ಮೂರನೆಯದರಲ್ಲಿ, ಆರೋಗ್ಯವೇ ಎಂದು. ನಾಲ್ಕನೆಯದರಲ್ಲಿ, ನನ್ನಿಂದ ಏನಾದರೂ ತಪ್ಪಾಯಿತೇ ಎಂದು. ಅದನ್ನು ಎರಡು ಸಲ ಓದಿಕೊಂಡು, ಆಮೇಲೆ ಕನ್ನಡಕ್ಕೆ ತಂದೆ. ಐದನೆಯದು ಎರಡೇ ಸಾಲು. ಉತ್ತರ ಇಲ್ಲ, ಆದರೂ ಬರುತ್ತೇನೆ. ಗುರುವಾರ, ಹನ್ನೊಂದು ಗಂಟೆ.

"ನಾಳೆ ಬೇಸ್ತವಾರ" ಎಂದರು ಭಾವನವರು. ಎದ್ದುಹೋಗಿ ತಮ್ಮ ಬಿಳಿಯ ಪಂಚೆಯನ್ನು ತಾವೇ ಒಗೆಯಲು ಕುಳಿತರು.

ಮರುದಿನ ಬಾಡಿಗೆ ಕಾರು ತೋಟದ ಅಂಚಿನಲ್ಲಿ ನಿಂತಿತು. ಸಾಹೇಬರು ಇನ್ನೂ ಚಿಕ್ಕವರಾಗಿಬಿಟ್ಟಿದ್ದರು, ಕೈಯಲ್ಲಿ ಕೋಲು. ಇಬ್ಬರೂ ತಬ್ಬಿಕೊಳ್ಳಲಿಲ್ಲ, ಕೈ ಕುಲುಕಲಿಲ್ಲ. ಒಬ್ಬರು ಬಾಗಿದರು, ಒಬ್ಬರು ಕೈಮುಗಿದರು. ಆಮೇಲೆ ಸಾಲುಗಳ ನಡುವೆ ನಡೆಯತೊಡಗಿದರು. ಎಲೆಗಳ ಮೇಲೆ ಬಿಸಿಲು ಬಿದ್ದಿತ್ತು. ಸಾಹೇಬರು ಅಲ್ಲಲ್ಲಿ ನಿಂತು ಗಿಡದ ಬುಡ ಮುಟ್ಟುವರು, ಏನೋ ನೆನಪಾಗಿ ನಗುವರು. ನಾನು ಹಿಂದಿನಿಂದ, ನಿದ್ದೆಯಲ್ಲಿ ನಡೆಯುವವಳಂತೆ, ಹೋಗುತ್ತಿದ್ದೆ.

ಕೊನೆಯ ಸಾಲಿನ ತುದಿಯಲ್ಲಿ ಫ್ಯಾಕ್ಟರಿಗೆಂದು ಸರ್ವೆಯವರು ನೆಟ್ಟ ಕಲ್ಲಿತ್ತು, ಮೊಣಕಾಲೆತ್ತರದ್ದು, ಸುತ್ತ ಕೆಂಪು ಪಟ್ಟೆ ಬಳಿದದ್ದು. ಭಾವನವರು ಅಲ್ಲಿ ನಿಂತರು.

"ಹೇಳ್ಬುಡು ಅಮ್ಮಣ್ಣಿ. ಬರೋ ವರ್ಸ ಈ ತ್ವಾಟ ಇರಾಕಿಲ್ಲ ಅಂತ. ಕಾಗ್ದದಾಗೆ ಬಚ್ಚಿಟ್ಟೆ, ಎದ್ರಿಗೆ ನಿಂತ್ಕಂಡು ಆಗಾಕಿಲ್ಲ."

ನಾನು ಸಾಹೇಬರ ಕಡೆ ತಿರುಗಿದೆ. ಬಾಯಿ ತೆರೆದರೆ ಅಷ್ಟು ವರ್ಷದ ಇಂಗ್ಲಿಷಿನಲ್ಲಿ ಅದೊಂದು ವಾಕ್ಯ ಮಾತ್ರ ಇಲ್ಲ. "ಈ ವರ್ಷ ಸೊಪ್ಪು ಬಹಳ ಚೆನ್ನಾಗಿ ಬಂದಿದೆಯಂತೆ" ಎಂದೆ.

ಅವರು ನನ್ನನ್ನು ನೋಡಿದರು, ಭಾವನವರನ್ನು ನೋಡಿದರು. "ಕಾರಿನಿಂದ ಇಳಿಯುವಾಗಲೇ ಇಂಥದೊಂದು ಕಲ್ಲು ನೋಡಿದೆ" ಎಂದರು, ಮೆಲ್ಲಗೆ.

"ಏನಂತೆ?" ಎಂದರು ಭಾವನವರು.

"ಸೊಪ್ಪು ಬಹಳ ಚೆನ್ನಾಗಿದೆಯಂತೆ ಭಾವ."

"ಹೂಂ" ಎಂದರು. ಹೆಗಲ ಮೇಲಿನ ಟವೆಲ್ ತೆಗೆದು, ಆ ಕಲ್ಲಿನ ಮೇಲೆ ಹಾಸಿ, ಕೈಹಿಡಿದು ಸಾಹೇಬರನ್ನು ಅದರ ಮೇಲೆ ಕೂರಿಸಿದರು. ತಾವು ಪಕ್ಕದಲ್ಲಿ, ಮಣ್ಣಿನ ಮೇಲೆ ಕುಳಿತರು. ಹೆದ್ದಾರಿಯ ಕಡೆಯಿಂದ ಲಾರಿಗಳ ಸದ್ದು ಬರುತ್ತಿತ್ತು. ತುಂಬ ಹೊತ್ತು ಇಬ್ಬರೂ ತೋಟವನ್ನು ನೋಡುತ್ತ ಕುಳಿತಿದ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.